ಮದುಮಗಳ ಕೆಂಪು ಜೋಡು

ಪಿಎಚ್.ಡಿ.ಗೆ ಸೇರಿದ ಹೊಸತರಲ್ಲಿ ಒಂದು ಮ್ಯೂಸಿಯಂ ಕ್ಯಾಟಲಾಗಿನ ಪುಟ ತಿರುವುತ್ತಿದ್ದೆ. ಒಂದು ಜೊತೆ ಕೆಂಪು ರೇಷ್ಮೆಯ ಪಾದರಕ್ಷೆಗಳ ಚಿತ್ರ ಕಣ್ಣಿಗೆ ಬಿತ್ತು. ಮೊನಚಾದ ಮೂತಿ, ಬಿಲ್ಲಿನಂತೆ ಬಾಗಿದ ಅಡಿ, ಮೇಲೆಲ್ಲ ಕಮಲದ ಕಸೂತಿ. ಕೆಳಗೆ ಕೊಟ್ಟಿದ್ದ ಉದ್ದ ಹತ್ತು ಸೆಂಟಿಮೀಟರ್ ಚಿಲ್ಲರೆ. ಯಾವುದೋ ಮಗುವಿನದಿರಬೇಕು ಅಂದುಕೊಂಡೆ. ಪಕ್ಕದ ಸಾಲು ಓದಿದರೆ ಅದು ಮದುವೆಯ ಪಾದರಕ್ಷೆ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಸ್ಕೇಲಿನಲ್ಲಿ ಅಳೆದೆ. ಪೆನ್ನೇ ಉದ್ದವಿತ್ತು.

ಏಷ್ಯಾದ ಮದುವೆಗಳಲ್ಲಿ ಬಳಕೆಯಾಗುವ ವಸ್ತುಗಳು ನನ್ನ ಸಂಶೋಧನೆಯ ವಿಷಯ. ಅಂದಿನಿಂದ ಈ ಕೆಂಪು ಜೋಡು ನನ್ನನ್ನು ಬಿಟ್ಟಿಲ್ಲ. ‘ಜೋಡು’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಕಾಲಿಗೆ ಹಾಕುವುದೂ ಜೋಡು, ಇಬ್ಬರು ಒಂದಾದರೂ ಜೋಡು. ಆದರೂ ನಮ್ಮ ಮದುವೆಗಳಲ್ಲಿ ಈ ಮಾತನ್ನು ಯಾರೂ ಶುಭಕ್ಕೆ ಬಳಸಿಕೊಂಡಿಲ್ಲ. ಮಂಟಪದ ಹೊರಗೆ ಜೋಡು ಬಿಟ್ಟೇ ಒಳಗೆ ಹೋಗುತ್ತೇವೆ. ನಮ್ಮಲ್ಲಿ ಮದುಮಗಳ ಕಾಲಿಗೆ ಶುಭ ತರುವುದು ಅರಿಸಿನ ಮತ್ತು ಕಾಲುಂಗುರ. ಚೀನೀಯರು ಮಾತ್ರ ಪಾದರಕ್ಷೆಯನ್ನೇ ಮಂಗಳದ್ರವ್ಯ ಮಾಡಿಕೊಂಡರು. ಅದಕ್ಕೆ ಕಾರಣ ಅವರ ಭಾಷೆಯಲ್ಲಿದೆ.

ಚೀನೀ ಭಾಷೆಯಲ್ಲಿ ಪಾದರಕ್ಷೆಗೆ ‘ಶಿಯೆ’ ಎನ್ನುತ್ತಾರೆ. ಸಾಮರಸ್ಯ ಎಂಬ ಅರ್ಥದ ಇನ್ನೊಂದು ಪದಕ್ಕೂ ಅದೇ ಉಚ್ಚಾರ, ಅದೇ ಸ್ವರದ ಏರಿಳಿತ. ‘ಜೊತೆಯಾಗಿ’ ಎಂಬರ್ಥದ ಮತ್ತೊಂದು ಪದವೂ ಹಾಗೆಯೇ. ಬರೆಯುವ ಅಕ್ಷರಗಳು ಬೇರೆ, ಕಿವಿಗೆ ಬೀಳುವುದು ಒಂದೇ. ತಾಮ್ರ ಅಥವಾ ಕಂಚಿಗೆ ‘ಥುಂಗ್’ ಎನ್ನುತ್ತಾರೆ. ‘ಒಟ್ಟಿಗೆ’ ಎಂಬುದಕ್ಕೂ ಅದೇ ಧ್ವನಿ. ಹೀಗಾಗಿ ಮದುವೆಯಲ್ಲಿ ಕಂಚಿನ ಕನ್ನಡಿಯ ಜೊತೆಗೆ ಪಾದರಕ್ಷೆ ಇಟ್ಟರೆ ಎರಡು ವಸ್ತುಗಳು ಸೇರಿ ‘ಒಟ್ಟಿಗೆ, ಸಾಮರಸ್ಯದಿಂದ ಬಾಳಿ’ ಎಂದು ಹರಸಿದಂತಾಗುತ್ತದೆ. ಯಾರೂ ಬಾಯಿ ತೆರೆಯಬೇಕಿಲ್ಲ.

ಶ್ಲೇಷೆ ನಮಗೆ ಹೊಸತಲ್ಲ. ಹಳಗನ್ನಡ ಕಾವ್ಯ ಪಾಠ ಮಾಡಿಸಿಕೊಂಡ ಯಾರಿಗೂ ಅದರ ರುಚಿ ಗೊತ್ತು. ಆದರೆ ನಮ್ಮಲ್ಲಿ ಅದು ಹೆಚ್ಚಾಗಿ ಪದ್ಯದೊಳಗೆ ಉಳಿಯಿತು. ಚೀನಾದಲ್ಲಿ ಬಟ್ಟೆ, ಪಾತ್ರೆ, ತಿಂಡಿ, ಪಾದರಕ್ಷೆಗಳ ತನಕ ಇಳಿದು ಬಂತು. ಮದುಮಗಳ ಜೋಡಿನ ಮೇಲಿನ ಕಸೂತಿಯನ್ನು ಹೀಗೆ ಓದಬಹುದು: ಕಮಲ ‘ಲಿಯೆನ್’, ಎಡೆಬಿಡದೆ ಸಾಗುವುದಕ್ಕೂ ಲಿಯೆನ್. ಮೀನು ‘ಯೂ’, ಉಂಡು ಮಿಗುವ ಸಮೃದ್ಧಿಗೂ ಯೂ. ಬಾವಲಿ ‘ಫು’, ಭಾಗ್ಯಕ್ಕೂ ಫು. ನಾವು ಅಪಶಕುನ ಎನ್ನುವ ಬಾವಲಿ ಅಲ್ಲಿ ಮದುವೆಯ ರೇಷ್ಮೆಯ ಮೇಲೆ ರೆಕ್ಕೆ ಬಿಚ್ಚುತ್ತದೆ. ಇನ್ನು ದಾಳಿಂಬೆಗೆ ಶ್ಲೇಷೆಯ ಹಂಗಿಲ್ಲ. ಒಡೆದರೆ ತುಂಬಾ ಬೀಜ, ಅಂದರೆ ತುಂಬಾ ಮಕ್ಕಳು. ಜೋಡಿ ಬಿಡದೆ ಈಜುವ ಮ್ಯಾಂಡರಿನ್ ಬಾತುಗಳು ದಾಂಪತ್ಯದ ಗುರುತು. ಎಲ್ಲದರ ಕೆಳಗಿರುವ ಕೆಂಪು ಸಂತೋಷದ ಬಣ್ಣ. ಅಲ್ಲಿ ಬಿಳಿ ಸೂತಕದ್ದು.

ಮದುವೆಯ ದಿನ ಈ ಜೋಡು ನೆಲ ಮುಟ್ಟುವುದೇ ಅಪರೂಪವಾಗಿತ್ತು. ತವರಿನಿಂದ ಗಂಡನ ಮನೆಗೆ ಹೋಗುವಾಗ ಮದುಮಗಳ ಕಾಲು ಬರಿನೆಲಕ್ಕೆ ತಾಗಬಾರದೆಂಬ ನಂಬಿಕೆ ಚೀನಾದ ಹಲವು ಕಡೆ ಇತ್ತು. ಅಣ್ಣನೋ ಮಾವನೋ ಎತ್ತಿಕೊಂಡು ಹೋಗಿ ಪಲ್ಲಕ್ಕಿಯಲ್ಲಿ ಕೂರಿಸುತ್ತಿದ್ದರು. ತವರಿನ ಮಣ್ಣು ಅಂಟಿಕೊಂಡು ಹೋದರೆ ಆ ಮನೆಯ ಐಶ್ವರ್ಯವೂ ಹೋದೀತೆಂದು ಕೆಲವೆಡೆ ಹೊರಡುವ ಮುಂಚೆ ಪಾದರಕ್ಷೆ ಬದಲಿಸುತ್ತಿದ್ದರು. ಗಂಡನ ಮನೆಯ ಮುಂದೆ ಇಳಿದಾಗ ನೆಲಕ್ಕೆ ಚೀಲಗಳನ್ನು ಹಾಸುತ್ತಿದ್ದರು. ಅವಳು ದಾಟಿದ ಚೀಲವನ್ನು ಹಿಂದಿನಿಂದ ಎತ್ತಿ ಮತ್ತೆ ಮುಂದೆ ಹಾಸುವುದು, ಬಾಗಿಲ ತನಕ ಹೀಗೆ. ಚೀಲಕ್ಕೆ ‘ದಾಯ್’ ಎನ್ನುತ್ತಾರೆ, ತಲೆಮಾರಿಗೂ ದಾಯ್. ಚೀಲ ಕೈಯಿಂದ ಕೈಗೆ ದಾಟಿದಂತೆ ವಂಶವೂ ದಾಟಲಿ ಎಂದು. ನಮ್ಮ ಸೊಸೆ ಹೊಸಿಲಲ್ಲಿ ಅಕ್ಕಿಯ ಸೇರು ಒದ್ದು ಒಳಬರುವಾಗಲೂ ಮನೆಯ ಭಾಗ್ಯವೆಲ್ಲ ಅವಳ ಪಾದದ ಮೇಲೇ ನಿಂತಿರುತ್ತದೆ.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ನಾನು ವಿಭಾಗದ ಸೆಮಿನಾರಿನಲ್ಲಿ ಒಂದು ಪ್ರಬಂಧ ಓದಿದೆ. ಒಂದೊಂದು ಚಿಹ್ನೆಗೂ ಒಂದೊಂದು ಅರ್ಥ, ಕೊನೆಗೊಂದು ಚಂದದ ತೀರ್ಮಾನ. ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಗೈಡ್ ಮೇಡಂ ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಎಲ್ಲ ಸರಿಯಮ್ಮ, ಇದರಲ್ಲಿ ಪಾದ ಎಲ್ಲಿದೆ?”

ನಾನು ತಡವರಿಸಿದೆ. ಹತ್ತು ಸೆಂಟಿಮೀಟರ್ ಎಂಬ ಅಂಕಿ ನನ್ನ ಟಿಪ್ಪಣಿಯಲ್ಲಿತ್ತು. ಅದರೊಳಗೆ ಒಬ್ಬ ಹೆಂಗಸಿನ ಕಾಲು ಹೇಗೆ ಹಿಡಿಯಿತು ಎಂಬುದು ಮಾತ್ರ ಪ್ರಬಂಧದಲ್ಲಿರಲಿಲ್ಲ. ಅಲ್ಲಿಂದ ಮತ್ತೆ ಓದಲು ಕೂತೆ.

ಪಾದ ಕಟ್ಟುವ ಪದ್ಧತಿಯ ಮೂಲವನ್ನು ಐತಿಹ್ಯಗಳು 10ನೇ ಶತಮಾನಕ್ಕೆ ಒಯ್ಯುತ್ತವೆ. ದಕ್ಷಿಣ ತಾಂಗ್ ರಾಜ್ಯದ ಕೊನೆಯ ಅರಸ ಲಿ ಯೂ ಕವಿಯೂ ಹೌದು. ಅವನ ಆಸ್ಥಾನದಲ್ಲಿ ಯಾವೋನಿಯಾಂಗ್ ಎಂಬ ನರ್ತಕಿ ಪಾದಗಳನ್ನು ರೇಷ್ಮೆಯಲ್ಲಿ ಸುತ್ತಿಕೊಂಡು ಚಿನ್ನದ ಕಮಲದ ಮೇಲೆ ಕುಣಿದಳಂತೆ. ಕಥೆ ಎಷ್ಟು ನಿಜವೋ ಏನೋ, ಮಣ್ಣಿನಡಿಯ ಸಾಕ್ಷಿ ಗಟ್ಟಿಯಾಗಿದೆ. 1975ರಲ್ಲಿ ಫುಝೌ ನಗರದ ಬಳಿ ಹುವಾಂಗ್ ಶಂಗ್ ಎಂಬ ಹೆಣ್ಣುಮಗಳ ಸಮಾಧಿ ಸಿಕ್ಕಿತು. ಸೋಂಗ್ ರಾಜವಂಶದ ಕುಟುಂಬಕ್ಕೆ ಸೊಸೆಯಾಗಿ ಹೋಗಿದ್ದ ಅವಳು 1243ರಲ್ಲಿ, ಇನ್ನೂ ಹದಿಹರೆಯದಲ್ಲೇ ತೀರಿಕೊಂಡಿದ್ದಳು. ರಾಶಿ ರೇಷ್ಮೆ ಬಟ್ಟೆಗಳ ನಡುವೆ ಅವಳ ಪಾದರಕ್ಷೆಗಳೂ ಇದ್ದವು. ಉದ್ದ ಹದಿಮೂರು, ಹದಿನಾಲ್ಕು ಸೆಂಟಿಮೀಟರ್. ಮುಂದಿನ ಶತಮಾನಗಳಲ್ಲಿ ಆದರ್ಶ ಇನ್ನೂ ಕುಗ್ಗಿ ‘ಮೂರು ಅಂಗುಲದ ಚಿನ್ನದ ಕಮಲ’ವಾಯಿತು. ಚೀನೀ ಅಂಗುಲದ ಲೆಕ್ಕದಲ್ಲಿ ಅದು ಸುಮಾರು ಹತ್ತು ಸೆಂಟಿಮೀಟರ್. ನನ್ನ ಪೆನ್ನಿಗಿಂತ ಚಿಕ್ಕದು.

ಹುಡುಗಿಗೆ ಐದರಿಂದ ಎಂಟು ವರ್ಷವಾಗುವಾಗ ಸಾಮಾನ್ಯವಾಗಿ ತಾಯಿಯೇ ಈ ಕೆಲಸ ಶುರುಮಾಡುತ್ತಿದ್ದಳು. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನ ಕೆಳಗೆ ಮಡಚಿ ಉದ್ದನೆಯ ಬಟ್ಟೆಯಿಂದ ಬಿಗಿಯುತ್ತಿದ್ದರು. ಆಮೇಲೆ ಹಿಮ್ಮಡಿಯನ್ನೂ ಮುಂಗಾಲನ್ನೂ ಹತ್ತಿರಕ್ಕೆ ಎಳೆದು ನಡುವಿನ ಕಮಾನು ಮುರಿಯುವಂತೆ ಕಟ್ಟುತ್ತಿದ್ದರು. ಬಿಚ್ಚಿ, ತೊಳೆದು, ಇನ್ನಷ್ಟು ಬಿಗಿಯಾಗಿ ಮತ್ತೆ ಕಟ್ಟುವುದು ವರ್ಷಗಟ್ಟಲೆ ನಡೆಯುತ್ತಿತ್ತು. ಒಂದು ಜೊತೆ ಪುಟ್ಟ ಪಾದಕ್ಕೆ ಒಂದು ಹಂಡೆ ಕಣ್ಣೀರು ಎನ್ನುವ ಅರ್ಥದ ಗಾದೆಯೇ ಅಲ್ಲಿದೆ.

ಇಷ್ಟು ನೋವು ಏಕೆ? ಮುಖ್ಯ ಉತ್ತರ ಮದುವೆ. ಸಂಬಂಧ ಕುದುರಿಸುವಾಗ ಹೆಣ್ಣಿನ ಪಾದದ ಅಳತೆ ಮಾತಿಗೆ ಬರುತ್ತಿತ್ತು. ಪುಟ್ಟ ಪಾದ ಎಂದರೆ ಸಹನೆ ಕಲಿತವಳು, ತಾಯಿ ತಿದ್ದಿ ಬೆಳೆಸಿದವಳು ಎಂದು ಲೆಕ್ಕ. ಮದುಮಗಳು ತಾನೇ ಹೊಲಿದ ಪಾದರಕ್ಷೆಗಳನ್ನು ಅತ್ತೆಗೂ ಗಂಡನ ಕಡೆಯ ಹೆಂಗಸರಿಗೂ ಕಾಣಿಕೆ ಕೊಡುವುದು ವಾಡಿಕೆಯಾಗಿತ್ತು. ಅತ್ತೆ ಹೊಲಿಗೆ ನೋಡಿ ಸೊಸೆಯ ಗುಣ ಅಳೆಯುತ್ತಿದ್ದಳು. ಓದುಬರಹ ಇಲ್ಲದ ಲಕ್ಷಾಂತರ ಹೆಂಗಸರ ಕೈಬರಹ ಅಂತ ಏನಾದರೂ ಉಳಿದಿದ್ದರೆ ಅದು ಈ ಜೋಡುಗಳ ಮೇಲಿದೆ.

ಇದನ್ನು ಓದುವಾಗ ಧಾರವಾಡದ ನಮ್ಮಜ್ಜಿ ನೆನಪಾದಳು. ಅವಳ ಕಾಲದಲ್ಲಿ ಮದುವೆಗೆ ಕಪ್ಪು ಚಂದ್ರಕಾಳಿ ಸೀರೆ, ಅದರ ಮೇಲೆ ಕಸೂತಿ ಇರಲೇಬೇಕು. ನನಗೆ ಗವಂತಿ ಹೊಲಿಗೆ ಕಲಿಸುವಾಗ ಹೇಳುತ್ತಿದ್ದಳು: “ಗಂಟು ಕಾಣಬಾರದವಾ. ಬೀಗರ ಮಂದಿ ಮುಂದ ನೋಡಂಗಿಲ್ಲ, ಹಿಂದ ತಿರುವಿ ನೋಡ್ತಾರ.” ಗವಂತಿಯ ಚಂದವೇ ಅದು, ಎರಡೂ ಬದಿ ಒಂದೇ ಥರ ಕಾಣುತ್ತದೆ. ಸೂಜಿಯ ಮೂಲಕ ಹೆಣ್ಣನ್ನು ಅಳೆಯುವುದು ಎರಡೂ ಕಡೆ ಇತ್ತು. ಆದರೆ ಅಜ್ಜಿಯ ಕಸೂತಿಯನ್ನು ತಿರುವಿ ನೋಡಬಹುದಿತ್ತು. ಚೀನೀ ಮದುಮಗಳ ಜೋಡಿನೊಳಗೆ ಇಣುಕುವಂತಿರಲಿಲ್ಲ. ಕಟ್ಟಿದ ಪಾದವನ್ನು ಸಾಮಾನ್ಯವಾಗಿ ಗಂಡನಿಗೂ ಬಿಚ್ಚಿ ತೋರಿಸುತ್ತಿರಲಿಲ್ಲ. ಮಲಗುವಾಗ ಹಾಕಿಕೊಳ್ಳಲೆಂದೇ ಮೆತ್ತನೆಯ ಅಡಿಯ ಬೇರೆ ಪಾದರಕ್ಷೆಗಳಿದ್ದವು. ಅವೂ ಹೆಚ್ಚಾಗಿ ಕೆಂಪೇ. ಮೇಡಂ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಪಾದ ಕಾಣದಂತೆ ಮಾಡುವುದೂ ಆ ಕಸೂತಿಯ ಕೆಲಸವಾಗಿತ್ತು. ನನ್ನ ಪ್ರಬಂಧವೂ ಅದನ್ನೇ ಮಾಡಿತ್ತು.

ಹಾಗಂತ ಆ ಹೆಂಗಸರನ್ನು ಬರಿಯ ಬಲಿಪಶುಗಳೆಂದು ಬರೆದು ಮುಗಿಸಲೂ ಮನಸ್ಸು ಒಪ್ಪಲಿಲ್ಲ. ಇತಿಹಾಸಕಾರ್ತಿ ಡೊರೊಥಿ ಕೋ 2001ರಲ್ಲಿ ಟೊರಾಂಟೊದ ಬಾಟಾ ಶೂ ಮ್ಯೂಸಿಯಂಗಾಗಿ ಬರೆದ ‘ಎವ್ರಿ ಸ್ಟೆಪ್ ಎ ಲೋಟಸ್’ ಪುಸ್ತಕದಲ್ಲಿ ಈ ಪಾದರಕ್ಷೆಗಳನ್ನು ಹೆಂಗಸರ ದುಡಿಮೆ, ಕೌಶಲ, ಹೆಮ್ಮೆಗಳ ಕಡೆಯಿಂದ ನೋಡುತ್ತಾರೆ. ಲಾರೆಲ್ ಬಾಸೆನ್ ಮತ್ತು ಹಿಲ್ ಗೇಟ್ಸ್ 2017ರ ‘ಬೌಂಡ್ ಫೀಟ್, ಯಂಗ್ ಹ್ಯಾಂಡ್ಸ್’ನಲ್ಲಿ ಹಳ್ಳಿಗಳ ವೃದ್ಧೆಯರನ್ನು ಮಾತಾಡಿಸಿ ಇನ್ನೊಂದು ವಾದ ಮುಂದಿಡುತ್ತಾರೆ. ಕಾಲು ಕಟ್ಟಿದರೆ ಹುಡುಗಿ ಕೂತಲ್ಲೇ ಕೂತು ನೂಲುತ್ತಾಳೆ, ನೇಯುತ್ತಾಳೆ. ಅವಳ ಕೈಗಳ ದುಡಿಮೆ ಮನೆಗೆ ಬೇಕಿತ್ತು. ಕಾರ್ಖಾನೆಯ ನೂಲು, ಬಟ್ಟೆ ಬಂದು ಆ ದುಡಿಮೆಗೆ ಬೆಲೆ ಹೋದಾಗ ಕಟ್ಟುವುದೂ ನಿಂತಿತು ಎನ್ನುತ್ತಾರೆ ಅವರು. ಸೌಂದರ್ಯದ ಮಾತಿನ ಹಿಂದೆ ಹೊಟ್ಟೆಪಾಡಿನ ಲೆಕ್ಕವೂ ಇತ್ತು.

ಚೀನಾದ ಎಲ್ಲ ಹೆಂಗಸರೂ ಪಾದ ಕಟ್ಟುತ್ತಿರಲಿಲ್ಲ. ಹಕ್ಕಾ ಸಮುದಾಯದವರು ಕಟ್ಟಲಿಲ್ಲ. ಮಂಚೂ ಹೆಂಗಸರೂ ಕಟ್ಟಲಿಲ್ಲ. ಅವರು ಅಡಿಯ ನಡುವೆ ಎತ್ತರದ ಮರದ ಪೀಠವಿದ್ದ ಪಾದರಕ್ಷೆ ತೊಡುತ್ತಿದ್ದರು. ಮಂಚೂ ಚಕ್ರವರ್ತಿ ಕಾಂಗ್‌ಶಿಯ ಕಾಲದಲ್ಲಿ, 1664ರಲ್ಲಿ, ಪಾದ ಕಟ್ಟುವುದನ್ನು ನಿಷೇಧಿಸಿ 1668ರಲ್ಲಿ ನಿಷೇಧವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಸೋಲಿಗೆ ಕಾರಣ ಊಹಿಸುವುದು ಕಷ್ಟವಲ್ಲ: ಮಗಳಿಗೆ ಗಂಡು ಸಿಗದಿದ್ದರೆ ಎಂಬ ಭಯವನ್ನು ಯಾವ ಫರ್ಮಾನೂ ಗೆಲ್ಲಲಾರದು.

19ನೇ ಶತಮಾನದ ಕೊನೆಯ ಸುಧಾರಕರು ಹಿಡಿದದ್ದು ಈ ಎಳೆಯನ್ನೇ. ಅವರ ಸಂಘಗಳಲ್ಲಿ ಸದಸ್ಯರು ಎರಡು ಮಾತು ಕೊಡುತ್ತಿದ್ದರು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಕಟ್ಟದ ಪಾದಕ್ಕೂ ವರ ಸಿಗುತ್ತಾನೆ ಎಂದು ಖಾತ್ರಿಯಾದ ಮೇಲೆ ತಾಯಂದಿರ ಕೈ ಸಡಿಲವಾಯಿತು. ಈ ಚಳವಳಿಯ ಮುಂದಾಳು ಕಾಂಗ್ ಯೌವೆಯ್ ತನ್ನ ಹೆಣ್ಣುಮಕ್ಕಳ ಪಾದ ಕಟ್ಟಲು ಬಿಡಲಿಲ್ಲ. 1898ರ ಸುಧಾರಣೆ ವಿಫಲವಾಗಿ ದೇಶ ಬಿಟ್ಟ ಅವನು 1901ರ ಕೊನೆಯಲ್ಲಿ ಭಾರತಕ್ಕೆ ಬಂದು ಡಾರ್ಜಿಲಿಂಗಿನಲ್ಲಿ ನೆಲೆಸಿದಾಗ ಜೊತೆಗಿದ್ದವಳು ಮಗಳು ಥುಂಗ್‌ಬಿ. ಕಟ್ಟದ ಪಾದದ ಆ ಹುಡುಗಿ ಹಿಮಾಲಯದ ತಪ್ಪಲಲ್ಲಿ ನಡೆದಾಡಿದ್ದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. 1902ರಲ್ಲಿ ಸಾಮ್ರಾಜ್ಞಿ ತ್ಸಿಶಿ ಈ ಪದ್ಧತಿಯ ವಿರುದ್ಧ ಆಜ್ಞೆ ಹೊರಡಿಸಿದಳು, 1912ರಲ್ಲಿ ಹೊಸ ಗಣರಾಜ್ಯ ನಿಷೇಧಿಸಿತು. ಒಳನಾಡಿನಲ್ಲಿ ಇನ್ನೂ ಕೆಲವು ದಶಕ ಎಳೆಯಿತು.

‘ಶಿಯೆ’ ಎಂಬ ಶ್ಲೇಷೆ ಮಾತ್ರ ಉಳಿಯಿತು, ತನ್ನೆರಡು ಮುಖಗಳೊಂದಿಗೆ. ಬಳಸಿ ಸವೆದ ‘ಹರಕು ಶಿಯೆ’ ಎನ್ನುವುದು ಶೀಲಗೆಟ್ಟವಳು ಎಂದು ಹೆಣ್ಣಿಗೆ ಹಾಕುವ ಬೈಗುಳ. 1966ರ ನಂತರದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಾಗೆ ಆರೋಪ ಹೊತ್ತ ಹೆಂಗಸರ ಕೊರಳಿಗೆ ಹರಕು ಪಾದರಕ್ಷೆ ಕಟ್ಟಿ ಮೆರವಣಿಗೆ ಮಾಡಿದ್ದುಂಟು. ದಕ್ಷಿಣದ ಕ್ಯಾಂಟನೀಸ್ ಭಾಷೆಯಲ್ಲಿ ಪಾದರಕ್ಷೆ ‘ಹಾಯ್’. ಸಾಮರಸ್ಯಕ್ಕೂ ಹಾಯ್. ಆದರೆ ನಿಟ್ಟುಸಿರಿನ ಸದ್ದೂ ಅದೇ. ಅದಕ್ಕೇ ಅಲ್ಲಿನ ಎಷ್ಟೋ ಮಂದಿ ಹೊಸ ವರ್ಷದ ದಿನಗಳಲ್ಲಿ ಪಾದರಕ್ಷೆ ಕೊಳ್ಳುವುದಿಲ್ಲ, ವರ್ಷವಿಡೀ ನಿಟ್ಟುಸಿರು ಬಿಡಬೇಕಾದೀತೆಂದು.

ಇಂದಿನ ಚೀನೀ ಮದುವೆಗಳಲ್ಲಿ ಗೆಳತಿಯರು ಮದುಮಗಳ ಕೆಂಪು ಪಾದರಕ್ಷೆಯನ್ನು ಕೋಣೆಯಲ್ಲಿ ಎಲ್ಲೋ ಬಚ್ಚಿಡುತ್ತಾರೆ. ಮದುಮಗ ಹುಡುಕಿ ತಂದು, ಮಂಡಿಯೂರಿ ಅವಳ ಕಾಲಿಗೆ ತೊಡಿಸಬೇಕು. ಆಮೇಲೆಯೇ ಹೊರಡುವುದು. ಉತ್ತರ ಭಾರತದ ಮದುವೆಗಳಲ್ಲಿ ನಾದಿನಿಯರು ಕದಿಯುವುದು ವರನ ಜೋಡನ್ನು. ಸಿನಿಮಾ ಕೃಪೆಯಿಂದ ಈಗ ನಮ್ಮ ಕಲ್ಯಾಣಮಂಟಪಗಳಿಗೂ ಆ ಆಟ ಬಂದಿದೆ. ಚೀನಾದಲ್ಲಿ ಹುಡುಕಬೇಕಾದ್ದು ಅವಳದು. ಇತ್ತೀಚೆಗೆ ಅಂಥದೊಂದು ಮದುವೆಯ ವಿಡಿಯೋ ನೋಡಿದೆ. ಹುಡುಗ ಬೀರುವಿನ ಮೇಲೆ, ದಿಂಬಿನ ಕೆಳಗೆ ತಡಕಾಡುತ್ತಿದ್ದ, ಎಲ್ಲರೂ ನಗುತ್ತಿದ್ದರು. ಕೊನೆಗೆ ಜೋಡು ಸಿಕ್ಕಿತು. ಅವನು ಮಂಡಿಯೂರಿದ. ಮದುಮಗಳು ಹಾಸಿಗೆಯ ಅಂಚಿನಲ್ಲಿ ಕೂತು ಕಾಲು ಚಾಚಿದಳು. ವಿಡಿಯೋವನ್ನು ಅಲ್ಲೇ ನಿಲ್ಲಿಸಿ ನೋಡಿದೆ. ಐದೂ ಬೆರಳು ಬಿಡಿಬಿಡಿಯಾಗಿದ್ದ, ನನ್ನ ಕಾಲಿನಷ್ಟೇ ಉದ್ದದ ಒಂದು ಸಾಮಾನ್ಯ ಪಾದ.

ನನ್ನ ಪ್ರಬಂಧವನ್ನು ಈಗ ಆ ಪಾದದಿಂದ ಶುರುಮಾಡಿ ತಿದ್ದಿ ಬರೆಯುತ್ತಿದ್ದೇನೆ. ಕಮಲ, ಬಾವಲಿ, ಮೀನುಗಳೆಲ್ಲ ಅದರಲ್ಲಿ ಇನ್ನೂ ಇವೆ.