ಒತ್ತಡದ ತಲೆನೋವು: ಗುರುತಿಸುವಿಕೆ ಮತ್ತು ನಿರ್ವಹಣೆ

ತಲೆಯ ಸುತ್ತ ಪಟ್ಟಿ ಬಿಗಿದಂತೆ ಅಥವಾ ಭಾರ ಹೇರಿದಂತೆ ಎರಡೂ ಬದಿಗಳಲ್ಲಿ ಕಾಣಿಸಿಕೊಳ್ಳುವ ನೋವನ್ನು ಒತ್ತಡದ ತಲೆನೋವು ಎನ್ನಲಾಗುತ್ತದೆ. ಬೆಂಗಳೂರಿನ ನಗರ ಹಾಗೂ ಗ್ರಾಮೀಣ ಪ್ರದೇಶಗಳ 18ರಿಂದ 65 ವರ್ಷ ವಯಸ್ಸಿನ 2,329 ಜನರನ್ನು ಸಂದರ್ಶಿಸಿ ನಿಮ್ಹಾನ್ಸ್ ತಜ್ಞರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಸುಮಾರು ಶೇ. 35ರಷ್ಟು ಜನರಲ್ಲಿ ಈ ತೊಂದರೆ ಕಂಡುಬಂದಿತ್ತು.

ನೋವು ಅರ್ಧ ಗಂಟೆಯಿಂದ ಏಳು ದಿನಗಳವರೆಗೆ ಇರಬಹುದು. ನಡೆದಾಡಿದರೆ, ಮೆಟ್ಟಿಲು ಹತ್ತಿದರೆ ಹೆಚ್ಚುವುದಿಲ್ಲ, ವಾಂತಿಯಾಗುವುದಿಲ್ಲ. ಒಂದು ಬದಿಯಲ್ಲಿ ನಾಡಿಯಂತೆ ಮಿಡಿದು, ವಾಕರಿಕೆ ಬಂದು, ಬೆಳಕು ಮತ್ತು ಸದ್ದು ಸಹಿಸಲಾಗದಿದ್ದರೆ ಅದು ಮೈಗ್ರೇನ್ ಆಗಿರುವ ಸಂಭವ ಹೆಚ್ಚು. ‘ಒತ್ತಡ’ ಎಂಬ ಪದದಿಂದ ಇದನ್ನು ರಕ್ತದೊತ್ತಡವೆಂದೋ ಕೇವಲ ಮನಸ್ಸಿನ ಕಲ್ಪನೆಯೆಂದೋ ಭಾವಿಸುವವರಿದ್ದಾರೆ, ಎರಡೂ ಸರಿಯಲ್ಲ. ಕುತ್ತಿಗೆ ಮತ್ತು ಭುಜದ ಸ್ನಾಯುಗಳ ಬಿಗಿತ, ನಿದ್ರೆಯ ಕೊರತೆ, ಹೊತ್ತು ಮೀರಿದ ಊಟ, ಚಿಂತೆ ಇವು ಇದನ್ನು ಪ್ರಚೋದಿಸುತ್ತವೆ. ವಿದ್ಯಾರಣ್ಯಪುರದಿಂದ ಹೆಬ್ಬಾಳದ ವಾಹನ ದಟ್ಟಣೆಯನ್ನು ದಾಟಿ ಕಚೇರಿ ಸೇರಿ, ದಿನವಿಡೀ ಗಣಕಯಂತ್ರದ ಮುಂದೆ ಕತ್ತು ಬಾಗಿಸಿ ಕುಳಿತು, ಮಧ್ಯಾಹ್ನದ ಊಟವನ್ನು ಮೂರು ಗಂಟೆಗೆ ಮಾಡುವವರು ಸಂಜೆಯ ತಲೆನೋವಿಗೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ.

ನೋವು ಬಂದಾಗ ನೀರು ಕುಡಿದು, ಹಸಿದಿದ್ದರೆ ಆಹಾರ ಸೇವಿಸಿ, ಕುತ್ತಿಗೆಗೆ ಬಿಸಿ ಶಾಖ ಕೊಟ್ಟು ವಿಶ್ರಮಿಸುವುದು ಸೂಕ್ತ. ಅಗತ್ಯವಿದ್ದಲ್ಲಿ ವಯಸ್ಕರು ಪ್ಯಾರಾಸಿಟಮಾಲ್ ಅನ್ನು ನಿಗದಿತ ಪ್ರಮಾಣದಲ್ಲಿ ಸೇವಿಸಬಹುದು. ಜ್ವರವೂ ಇದ್ದಲ್ಲಿ ಡೆಂಗ್ಯೂ ಇರುವ ಸಾಧ್ಯತೆಯಿಂದಾಗಿ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಬಹುತೇಕರು ಅರಿಯದ ಅಪಾಯವೊಂದಿದೆ. ಅಂಗಡಿಯಿಂದ ಮಾತ್ರೆ ತಂದು ತಿಂಗಳಿಗೆ 15 ಅಥವಾ ಹೆಚ್ಚು ದಿನ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಹಲವು ಔಷಧಿಗಳನ್ನು ಬೆರೆಸಿದ ಮಾತ್ರೆಗಳಾದರೆ 10 ದಿನಗಳೇ ಸಾಕು. ನೋವು ಬಂದ ದಿನ, ಸಮಯ, ಸೇವಿಸಿದ ಮಾತ್ರೆಗಳನ್ನು ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಕೊಂಡರೆ ವೈದ್ಯರಿಗೆ ಬಹಳ ಅನುಕೂಲ. ತಿಂಗಳಲ್ಲಿ 15 ದಿನಗಳಂತೆ ಮೂರು ತಿಂಗಳಿಗೂ ಮೇಲ್ಪಟ್ಟು ಮುಂದುವರಿದರೆ ಅದು ದೀರ್ಘಕಾಲಿಕ ತಲೆನೋವು. ಇದಕ್ಕೆ ನೋವು ತಡೆಯುವ ಬೇರೆ ಔಷಧಿಗಳಿದ್ದು, ಅವುಗಳನ್ನು ವೈದ್ಯರೇ ನಿರ್ಧರಿಸಬೇಕು. ಚಿಂತೆ, ಬೇಸರ ಬಿಡದೆ ಕಾಡುತ್ತಿದ್ದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಠಾತ್ತನೆ ಎರಗಿದ ತೀವ್ರ ತಲೆನೋವು, ಜ್ವರದೊಂದಿಗೆ ಕತ್ತಿನ ಬಿಗಿತ, ಕೈಕಾಲುಗಳ ಬಲಹೀನತೆ, ಮಾತಿನ ತೊದಲಿಕೆ, ಮೂರ್ಛೆ, ತಲೆಗೆ ಪೆಟ್ಟಾದ ನಂತರದ ನೋವು ಇವು ಒತ್ತಡದ ತಲೆನೋವಿನ ಲಕ್ಷಣಗಳಲ್ಲ. ಇಂತಹ ಸಂದರ್ಭದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು. 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ತಲೆನೋವನ್ನೂ ವೈದ್ಯರಿಗೆ ತೋರಿಸಬೇಕು.