ಮರುಗುವ ಮನಸ್ಸು, ಕಲಿತ ಕೈ: ಧರ್ಮಸಭೆಯ ರೋಗಿಶುಶ್ರೂಷೆಯ ಇತಿಹಾಸದಿಂದ



ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ನಿರ್ಮಾಣ, ಹಿಂದಿನ ಗುರುವರ್ಯರ ಸೇವೆ, ಶಾಲೆಯ ಬೆಳವಣಿಗೆ ಇವುಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಕುಟುಂಬ ಸಂದರ್ಶನಕ್ಕೆಂದು ಮನೆಮನೆಗೆ ಹೋದಾಗ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ದಾದಿಯ ಸಮವಸ್ತ್ರ ಧರಿಸಿದ ಮಗಳ ಭಾವಚಿತ್ರವನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಒಬ್ಬಳು ಬೆಂಗಳೂರಿನಲ್ಲಿ, ಒಬ್ಬಳು ಕೊಲ್ಲಿ ರಾಷ್ಟ್ರದಲ್ಲಿ, ಮತ್ತೊಬ್ಬಳು ಐರ್ಲೆಂಡಿನಲ್ಲಿ. “ನಮ್ಮ ಮಗಳದು ಮರುಗುವ ಮನಸ್ಸು, ಸ್ವಾಮಿ, ಅದಕ್ಕೇ ಈ ಕೆಲಸ ಹಿಡಿದಳು” ಎನ್ನುತ್ತಾರೆ ತಾಯಂದಿರು. ಮಾತು ನಿಜ. ಆದರೆ ಮರುಗುವ ಮನಸ್ಸೊಂದರಿಂದಲೇ ಗಾಯ ಮಾಯುವುದಿಲ್ಲವೆಂಬುದನ್ನು ಧರ್ಮಸಭೆಯೂ ಕಷ್ಟಪಟ್ಟೇ ಕಲಿಯಬೇಕಾಯಿತು.

ದಾದಿಯರ ಪಾಲಕರಾದ ಸಂತ ಕಮಿಲ್ಲಸ್ ದೆ ಲೆಲ್ಲಿಸ್ (1550–1614) ಯೌವನದಲ್ಲಿ ಸಿಪಾಯಿ. ಅದಕ್ಕಿಂತ ಹೆಚ್ಚಾಗಿ ಜೂಜುಗಾರ. ವಾಸಿಯಾಗದ ಕಾಲುಹುಣ್ಣಿನಿಂದಾಗಿ ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆಗೆ ಬಂದವರು ಅಲ್ಲಿ ಕೂಲಿ ಆಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಣ್ಣಾರೆ ಕಂಡರು. ಮನಪರಿವರ್ತನೆಯ ಅನಂತರ ಅದೇ ಆಸ್ಪತ್ರೆಯ ಮೇಲ್ವಿಚಾರಕರಾದರು. ಅವರು ಪ್ರಾರ್ಥನೆಯ ನಿಯಮಗಳನ್ನಷ್ಟೇ ಬರೆದುಕೊಟ್ಟು ಸುಮ್ಮನಾಗಲಿಲ್ಲ. ಕೋಣೆಗೆ ಗಾಳಿ ಬರಬೇಕು, ರೋಗಕ್ಕೆ ತಕ್ಕ ಪಥ್ಯವಿರಬೇಕು, ಅಂಟುರೋಗದವರನ್ನು ಬೇರೆ ಇಡಬೇಕು ಎಂದು ಕಟ್ಟುನಿಟ್ಟು ಮಾಡಿದರು. ಉಸಿರು ನಿಂತಂತೆ ಕಂಡೊಡನೆಯೇ ಮುಖಕ್ಕೆ ಬಟ್ಟೆ ಮುಚ್ಚದೆ ಕಾಲು ಗಂಟೆ ಕಾಯಬೇಕೆಂದೂ ವಿಧಿಸಿದರು. ಜೀವವಿರುವವರನ್ನೇ ಹೂಳಲು ಒಯ್ಯುವ ಭಯ ಆ ಕಾಲದಲ್ಲಿ ಸುಳ್ಳಾಗಿರಲಿಲ್ಲ. ಇಂದಿನ ಆಸ್ಪತ್ರೆಗಳಲ್ಲಿ ಗೋಡೆಗೆ ತೂಗುಹಾಕುವ ನಿಯಮಾವಳಿಗಳನ್ನು ಕಂಡಾಗಲೆಲ್ಲ ನನಗೆ ಈ ಸಂತರ ನೆನಪಾಗುತ್ತದೆ.

ಆದರೂ ಒಂದು ತೊಡಕು ಬಹುಕಾಲ ಉಳಿಯಿತು. ಗುರುಗಳೂ ಸನ್ಯಾಸಿಗಳೂ ಪೋಪರ ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿ ನಡೆಸಕೂಡದೆಂಬ ಹಳೆಯ ಕಟ್ಟಳೆಯನ್ನು 1917ರ ಧರ್ಮಸಭೆಯ ಕಾನೂನು ಸಂಹಿತೆಯೂ ಮುಂದುವರಿಸಿತು. ಕನ್ಯಾಸ್ತ್ರೀಯರು ಹೆರಿಗೆಯ ಕೋಣೆಗೆ ಹೋಗುವುದು ಅವರ ವ್ರತಕ್ಕೆ ತಕ್ಕುದಲ್ಲವೆಂಬ ಭಾವನೆಯೂ ಬಲವಾಗಿತ್ತು. ಉದ್ದೇಶ ಒಳ್ಳೆಯದೇ, ಅದರ ಬೆಲೆಯನ್ನು ತೆತ್ತವರು ಮಾತ್ರ ನಮ್ಮ ದೇಶದ ತಾಯಂದಿರು. ಘೋಷಾ ಪದ್ಧತಿಯ ಮಹಿಳೆಯರು ಪುರುಷ ವೈದ್ಯರಿಗೆ ಕೈ ತೋರಿಸಲಾರರು, ಕನ್ಯಾಸ್ತ್ರೀಯರು ವೈದ್ಯರಾಗಲಾರರು. ಈ ಎರಡು ಬೇಲಿಗಳ ನಡುವೆ ಎಷ್ಟೋ ಬಾಣಂತಿಯರು ಪ್ರಾಣಬಿಟ್ಟರು.

ಈ ಬೇಲಿಯನ್ನು ಅಲುಗಾಡಿಸಿದವರು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್. 1898ರಲ್ಲಿ, ಅರವತ್ತು ದಾಟಿದ ಮೇಲೆ ಕಥೋಲಿಕರಾದ ಆಕೆ, ಎಪ್ಪತ್ತು ಮೀರಿದ ವಯಸ್ಸಿನಲ್ಲಿ ಅವಿಭಜಿತ ಪಂಜಾಬಿನ ರಾವಲ್ಪಿಂಡಿಗೆ ಬಂದು ಸ್ತ್ರೀಯರ ಆಸ್ಪತ್ರೆಯ ಸ್ಥಾಪನೆಗೆ ಕಾರಣರಾದರು. ನಿಯಮ ಸಡಿಲಿಸಬೇಕೆಂದು ರೋಮ್ ನಗರಕ್ಕೆ ಮೇಲಿಂದ ಮೇಲೆ ಮೊರೆಯಿಟ್ಟರು. 1913ರಲ್ಲಿ ತೀರಿಕೊಂಡಾಗ ಅವರ ಕೋರಿಕೆ ಈಡೇರಿರಲಿಲ್ಲ.

ಆಕೆಯ ಜೀವನವನ್ನು ಕುರಿತ ಒಂದು ಪುಟ್ಟ ಪುಸ್ತಿಕೆ 1915ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಯುವ ವೈದ್ಯೆ ಮೇರಿ ಗ್ಲೋರಿ ಎಂಬುವರ ಕೈಸೇರಿತು. 1887ರಲ್ಲಿ ಹುಟ್ಟಿದ ಈಕೆ ಅಲ್ಲಿ ಹೆಸರು ಮಾಡುತ್ತಿದ್ದ ಪದವೀಧರೆ. ದೈವಕರೆಯನ್ನು ಕೇಳಿದೊಡನೆ ಹಡಗು ಹತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರಸೂತಿ, ಸ್ತ್ರೀರೋಗ, ನೇತ್ರರೋಗಗಳಲ್ಲಿ ಉನ್ನತ ಪದವಿಯನ್ನು 1919ರಲ್ಲಿ ಮುಗಿಸಿ, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಪೋಪ್ 15ನೇ ಬೆನೆಡಿಕ್ಟರು ವೈದ್ಯವೃತ್ತಿಗೆ ವಿಶೇಷ ಅನುಮತಿಯನ್ನು ದಯಪಾಲಿಸಿದರು. ಮುಂದೆ ಗುಂಟೂರಿನ ಸಂತ ಜೋಸೆಫರ ಆಸ್ಪತ್ರೆಯಲ್ಲಿ ಬಹುಕಾಲ ತಾವೊಬ್ಬರೇ ವೈದ್ಯರಾಗಿ ದುಡಿದರೂ, ತಮ್ಮ ಎರಡು ಕೈಗಳನ್ನೇ ನೆಚ್ಚಿಕೊಳ್ಳದೆ ಅಲ್ಲಿಯ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ, ಔಷಧಿ ಕೊಡುವವರನ್ನಾಗಿ ತರಬೇತುಗೊಳಿಸಿದರು.

ಮೆಕ್ಲಾರೆನ್ ಅವರೊಡನೆ ಪತ್ರವ್ಯವಹಾರ ನಡೆಸಿದ್ದ ಆಸ್ಟ್ರಿಯದ ಆನಾ ಡೆಂಗೆಲ್ ಕೂಡ ವೈದ್ಯೆಯಾಗಿ ರಾವಲ್ಪಿಂಡಿಗೆ ಬಂದರು. 1925ರಲ್ಲಿ ಇಬ್ಬರು ವೈದ್ಯೆಯರು, ಇಬ್ಬರು ದಾದಿಯರು, ಒಟ್ಟು ನಾಲ್ವರೇ ಸೇರಿ ವಾಷಿಂಗ್ಟನ್ನಿನಲ್ಲಿ ವೈದ್ಯಕೀಯ ಪ್ರೇಷಿತ ಭಗಿನಿಯರ ಸಭೆಯನ್ನು ಆರಂಭಿಸಿದರು. ಬಹಿರಂಗ ವ್ರತಗಳಿಗೆ ಮಾತ್ರ ಹನ್ನೊಂದು ವರ್ಷ ಕಾಯಬೇಕಾಯಿತು. 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ರೋಮ್ ನಗರದಿಂದ ಹೊರಟ ಆದೇಶವು ಕಟ್ಟಕಡೆಗೆ ಬೇಲಿಯನ್ನು ತೆಗೆಯಿತು. ಕನ್ಯಾಸ್ತ್ರೀಯರು ತಾಯಿ-ಮಕ್ಕಳ ಆರೈಕೆಯಲ್ಲಿ ತೊಡಗಬಹುದು. ಅದಕ್ಕೆ ವೈದ್ಯರ ಪದವಿಯನ್ನೋ ದಾದಿಯ ಪ್ರಮಾಣಪತ್ರವನ್ನೋ ಪಡೆಯಬೇಕು ಎಂಬುದು ಅದರ ತಿರುಳು. ಅನುಮತಿಯ ಜೊತೆಗೇ ಅರ್ಹತೆಯನ್ನೂ ಕೇಳಿದ ಈ ಆದೇಶವನ್ನು ನಮ್ಮ ಗುರುಮಠಗಳಲ್ಲಿ ಇನ್ನಷ್ಟು ಗಮನವಿಟ್ಟು ಓದಬೇಕಾಗಿತ್ತೆಂದು ನನ್ನ ಅನಿಸಿಕೆ.

1943ರಲ್ಲಿ, ಮಹಾಯುದ್ಧದ ನಡುವೆ, ಮೇರಿ ಗ್ಲೋರಿಯವರ ಮುಂದಾಳತನದಲ್ಲಿ 16 ಮಂದಿ ಕನ್ಯಾಸ್ತ್ರೀಯರು ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಆಗ ದೇಶದ ಸ್ಥಿತಿ ಹೇಗಿತ್ತು? 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿದ್ದ ದಾದಿಯರು ಸುಮಾರು 7,000 ಮಾತ್ರ. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದು ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿಗೆ ಬುನಾದಿಯಾಯಿತು. ಅದರ ಸ್ಥಾನದಲ್ಲಿ ಹೊಸ ಆಯೋಗವನ್ನು ರಚಿಸುವ ಕಾನೂನನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಅಂದು ಹದಿನಾರು ಮಂದಿಯಿಂದ ಮೊದಲಾದ ಸಂಘದಲ್ಲಿ ಇಂದು ಮೂರು ಸಾವಿರಕ್ಕೂ ಮಿಕ್ಕಿದ ಸಂಸ್ಥೆಗಳಿವೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಹಳ್ಳಿಯಲ್ಲಿ ಚಿಕ್ಕ ಚಿಕಿತ್ಸಾಲಯವೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವೃದ್ಧ ಭಗಿನಿ ಅನುಭವದಲ್ಲಿ ಪಳಗಿದವರು, ಪ್ರಮಾಣಪತ್ರವಿರಲಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಬಂದು ನೋಂದಣಿ ಕಡ್ಡಾಯವಾದಾಗ ಅದು ಬಾಗಿಲು ಹಾಕಿತು. ಜನರು ಜ್ವರಕ್ಕೂ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಬೇಕಾಯಿತು. ನಾನು ಪೂಜೆಯ ಪ್ರಬೋಧನೆಯಲ್ಲಿಯೇ ಸರ್ಕಾರವನ್ನು ದೂರಿದೆ. ಇಂದು ಹಾಗೆ ದೂರಲಾರೆ. ಅಷ್ಟು ವರ್ಷಗಳಲ್ಲಿ ಊರಿನ ಒಬ್ಬ ಹುಡುಗಿಯನ್ನಾದರೂ ತರಬೇತಿಗೆ ಕಳುಹಿಸಬಹುದಿತ್ತು. ಗಂಟೆಗೋಪುರಕ್ಕೆ ಹಣ ಕೂಡಿಸಿದ ನಾನು ಆ ಕೆಲಸ ಮಾಡಲಿಲ್ಲ.

ವೇತನದ ಮಾತನ್ನೂ ಮುಚ್ಚಿಡಬಾರದು. ಸುಪ್ರೀಂ ಕೋರ್ಟಿನ ನಿರ್ದೇಶನದ ಮೇರೆಗೆ 2016ರಲ್ಲಿ ನೇಮಕವಾದ ಸಮಿತಿಯು, ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಿರಲಿ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ದಾದಿಯ ಕೆಲಸ ದೈವಕರೆಯೆಂದು ಹೊಗಳುತ್ತಲೇ ಅರೆಸಂಬಳ ಕೊಡುವ ಅಭ್ಯಾಸದಿಂದ ನಮ್ಮವರೂ ಪೂರ್ತಿ ಹೊರತಾಗಿಲ್ಲ. ರಾತ್ರಿ ಪಾಳಿಯಲ್ಲಿ ಬಳಲಿದ ಕೈಗಳಿಂದ ಉತ್ತಮ ಮಟ್ಟದ ಶುಶ್ರೂಷೆಯನ್ನು ಯಾವ ನಿಯಮಾವಳಿಯೂ ಹೊರಡಿಸಲಾರದು.

ಮೇರಿ ಗ್ಲೋರಿಯವರು 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವರ ಬಯಕೆ ಅವರ ಕಣ್ಣೆದುರಿಗೆ ಕೈಗೂಡಲಿಲ್ಲ. ಸಂತ ಜಾನರ ವೈದ್ಯಕೀಯ ಕಾಲೇಜು ಅದೇ ನಗರದಲ್ಲಿ ಆರಂಭವಾದುದು 1963ರಲ್ಲಿ. 2013ರಲ್ಲಿ ಧರ್ಮಸಭೆ ಆಕೆಯನ್ನು ದೇವರ ಸೇವಕಿಯೆಂದು ಘೋಷಿಸಿತು.

ಈ ನೂರು ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರದಿಂದ ದಾದಿಯರಾಗಿ ಹೊರಟವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಮೊದಲುಮಾಡಿದ್ದೇನೆ. ತಮ್ಮ ಮನೆಯವರ ಹೆಸರು, ಕಲಿತ ಶಾಲೆ, ನೋಂದಣಿಯಾದ ವರ್ಷ ಇವುಗಳನ್ನು ತಿಳಿದವರು ಭಾನುವಾರದ ಪೂಜೆಯ ಅನಂತರ ಗುರುಮನೆಗೆ ಬಂದು ಬರೆಯಿಸಬೇಕಾಗಿ ಕೋರುತ್ತೇನೆ.