ಕಪ್ಪು-ಬಿಳುಪು ಛಾಯಾಚಿತ್ರಗಳ ಇಂಕ್‌ಜೆಟ್ ಮುದ್ರಣ

ಕಪ್ಪು-ಬಿಳುಪು ಛಾಯಾಚಿತ್ರಗಳ ಇಂಕ್‌ಜೆಟ್ ಮುದ್ರಣವು ಡಿಜಿಟಲ್ ರೂಪದಲ್ಲಿರುವ ಏಕವರ್ಣ ಚಿತ್ರವನ್ನು ಶಾಯಿಯ ಸೂಕ್ಷ್ಮ ಹನಿಗಳಿಂದ ಕಾಗದದ ಮೇಲೆ ಮೂಡಿಸುವ ವಿಧಾನವಾಗಿದೆ. ಬಣ್ಣವಿಲ್ಲದ ಚಿತ್ರದ ಮುದ್ರಣ ಸುಲಭವೆಂದು ಮೇಲ್ನೋಟಕ್ಕೆ ತೋರಿದರೂ, ಯಾವ ಬಣ್ಣದ ಸೋಂಕೂ ಇಲ್ಲದ ಬೂದು ಛಾಯೆಗಳನ್ನು ಪಡೆಯುವುದು ಕಷ್ಟಸಾಧ್ಯ. ಪ್ರಿಂಟರ್, ಶಾಯಿ, ಕಾಗದ ಮತ್ತು ಡ್ರೈವರ್ ತಂತ್ರಾಂಶ ಪರಸ್ಪರ ಹೊಂದಿಕೊಂಡಾಗ ಮಾತ್ರ ಉತ್ತಮ ಫಲಿತಾಂಶ ದೊರೆಯುತ್ತದೆ.

ಹಿನ್ನೆಲೆ

ಕತ್ತಲೆಕೋಣೆಯ ಸಾಂಪ್ರದಾಯಿಕ ವಿಧಾನದಲ್ಲಿ ಚಿತ್ರವು ಬೆಳ್ಳಿಯ ಅತಿಸೂಕ್ಷ್ಮ ಕಣಗಳಿಂದ ರೂಪುಗೊಳ್ಳುತ್ತದೆ. ಬೂದು ಛಾಯೆಗಾಗಿ ಬಣ್ಣಗಳನ್ನು ಬೆರೆಸುವ ಪ್ರಮೇಯವೇ ಅಲ್ಲಿಲ್ಲ. ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಕಪ್ಪು, ಸಯಾನ್, ಮಜೆಂಟಾ ಮತ್ತು ಹಳದಿ ಎಂಬ 4 ಶಾಯಿಗಳಷ್ಟೇ ಇರುತ್ತವೆ. ತಿಳಿಯಾದ ಭಾಗಗಳನ್ನು ಕಪ್ಪು ಶಾಯಿಯೊಂದರಿಂದಲೇ ಮುದ್ರಿಸಿದರೆ ಹನಿಗಳು ವಿರಳವಾಗಿ, ಚುಕ್ಕೆಗಳು ಕಣ್ಣಿಗೆ ಕಾಣುತ್ತವೆ. ಅದನ್ನು ತಪ್ಪಿಸಲು ಉಳಿದ ಮೂರು ಬಣ್ಣಗಳನ್ನು ಬೆರೆಸಿದರೆ, ಪ್ರಮಾಣದ ಅಲ್ಪ ವ್ಯತ್ಯಾಸವೂ ಹಸಿರು ಇಲ್ಲವೆ ನಸುಗೆಂಪು ಛಾಯೆಯಾಗಿ ಎದ್ದು ತೋರುತ್ತದೆ. ಇಂತಹ ಚಿತ್ರ ಹಗಲಿನ ಬೆಳಕಿನಲ್ಲಿ ಒಂದು ಬಗೆಯಾಗಿಯೂ ದೀಪದ ಬೆಳಕಿನಲ್ಲಿ ಇನ್ನೊಂದು ಬಗೆಯಾಗಿಯೂ ಕಾಣಬಹುದು. ಈ ದೋಷಕ್ಕೆ ಛಾಯಾಗ್ರಾಹಕರ ರೂಢಿಯಲ್ಲಿ ಮೆಟಾಮೆರಿಸಂ ಎಂಬ ಹೆಸರಿದೆ.

ಪ್ರಿಂಟರ್

ಈ ಸಮಸ್ಯೆಗೆ ಮುಖ್ಯ ಪರಿಹಾರವೆಂದರೆ ಕಪ್ಪಿನ ಜೊತೆಗೆ ಬೂದು ಶಾಯಿಗಳನ್ನೂ ಬಳಸುವುದು. ಎಪ್ಸನ್ ಸಂಸ್ಥೆಯು 2005ರಲ್ಲಿ ಪರಿಚಯಿಸಿದ ಅಲ್ಟ್ರಾಕ್ರೋಮ್ ಕೆ3 ಶಾಯಿಗಳಲ್ಲಿ ಕಪ್ಪು, ತಿಳಿಗಪ್ಪು ಮತ್ತು ಅತಿ ತಿಳಿಗಪ್ಪು ಎಂಬ 3 ಹಂತಗಳಿವೆ. ಕ್ಯಾನನ್ ಸಂಸ್ಥೆಯ ಪ್ರೊ-1000 ಪ್ರಿಂಟರಿನ 12 ಕಾರ್ಟ್ರಿಜ್‌ಗಳಲ್ಲಿ ಎರಡು ಕಪ್ಪು, ಎರಡು ಬೂದು. ಆದ್ದರಿಂದ ಪ್ರಿಂಟರನ್ನು ಆರಿಸುವಾಗ ಒಟ್ಟು ಶಾಯಿಗಳ ಸಂಖ್ಯೆಗಿಂತ ಅವುಗಳಲ್ಲಿ ಬೂದು ಶಾಯಿಗಳು ಎಷ್ಟು ಎಂಬುದನ್ನು ಗಮನಿಸಬೇಕು.

ಶಾಯಿ

ಶಾಯಿಗಳಲ್ಲಿ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣವು ದ್ರವದಲ್ಲಿ ಕರಗಿರುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಕರಗದ ಕಣಗಳು ತೇಲುತ್ತಿರುತ್ತವೆ. ಸಾಮಾನ್ಯವಾಗಿ ಪಿಗ್ಮೆಂಟ್ ಶಾಯಿಯೇ ಬೆಳಕಿಗೆ ಹೆಚ್ಚು ಕಾಲ ಬಾಳುತ್ತದೆ. ಬಣ್ಣದ ಶಾಯಿಗಳು ಒಂದೇ ವೇಗದಲ್ಲಿ ಮಾಸುವುದಿಲ್ಲವಾದ ಕಾರಣ, ಅವುಗಳನ್ನು ಬೆರೆಸಿ ಪಡೆದ ಬೂದು ಕಾಲಕ್ರಮೇಣ ಬೇರೆ ಬಣ್ಣಕ್ಕೆ ತಿರುಗುತ್ತದೆ. ಇಂಗಾಲದ ಕಣಗಳಿಂದಾದ ಶಾಯಿ ಅತ್ಯಂತ ಸ್ಥಿರವಾದುದು. ಆದರೆ ಅದರ ಸಹಜ ಛಾಯೆ ತುಸು ಕಂದು. ಜಾನ್ ಕೋನ್ ರೂಪಿಸಿದ ಪೀಜೋಗ್ರಫಿ ವ್ಯವಸ್ಥೆಯಲ್ಲಿ ಬಣ್ಣದ ಕಾರ್ಟ್ರಿಜ್‌ಗಳ ಜಾಗದಲ್ಲಿ ವಿವಿಧ ಸಾಂದ್ರತೆಯ ಕಪ್ಪು-ಬೂದು ಶಾಯಿಗಳನ್ನೇ ತುಂಬಲಾಗುತ್ತದೆ. ಆಗ ಆ ಪ್ರಿಂಟರ್ ವರ್ಣಚಿತ್ರಗಳಿಗೆ ಒದಗುವುದಿಲ್ಲ.

ಕಾಗದ

ಹೊಳಪಿಲ್ಲದ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್, ಹೊಳಪಿನ ಕಾಗದಕ್ಕೆ ಫೋಟೋ ಬ್ಲ್ಯಾಕ್ ಎಂಬ ಬೇರೆ ಬೇರೆ ಕಪ್ಪು ಶಾಯಿಗಳಿವೆ. ಕೆಲವು ಪ್ರಿಂಟರ್‌ಗಳಲ್ಲಿ ಎರಡಕ್ಕೂ ಒಂದೇ ಮಾರ್ಗವಿದ್ದು, ಬದಲಿಸಿದಾಗಲೆಲ್ಲ ಶಾಯಿ ವ್ಯರ್ಥವಾಗುತ್ತದೆ. ಅತಿ ಗಾಢವಾದ ಕಪ್ಪು ಹೊಳಪಿನ ಕಾಗದದಲ್ಲಿ ಮೂಡುತ್ತದೆ. ಹತ್ತಿಯ ನಾರಿನ ಮ್ಯಾಟ್ ಕಾಗದದಲ್ಲಿ ಕಪ್ಪು ತುಸು ಮೆದುವಾದರೂ ಪ್ರತಿಫಲನದ ತೊಂದರೆ ಕಡಿಮೆ.

ಡ್ರೈವರ್

ಬೂದು ಶಾಯಿಗಳಿದ್ದರೂ ಅವುಗಳನ್ನು ಸರಿಯಾಗಿ ಹಂಚುವುದು ಡ್ರೈವರಿನ ಕೆಲಸ. ಎಪ್ಸನ್ ಡ್ರೈವರಿನ 'ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್' ವಿಧಾನವು ಮುಖ್ಯವಾಗಿ ಕಪ್ಪು-ಬೂದು ಶಾಯಿಗಳನ್ನು ಬಳಸಿ, ಛಾಯೆಯನ್ನು ತಿದ್ದಲು ಮಾತ್ರ ಅಲ್ಪ ಪ್ರಮಾಣದ ಬಣ್ಣಗಳನ್ನು ಸೇರಿಸುತ್ತದೆ. ಈ ವಿಧಾನದಲ್ಲಿ ವರ್ಣ ನಿರ್ವಹಣೆಯನ್ನು ಚಿತ್ರ ಸಂಪಾದನೆಯ ತಂತ್ರಾಂಶಕ್ಕೆ ಬಿಡದೆ ಪ್ರಿಂಟರಿಗೇ ವಹಿಸಬೇಕು. ರಾಯ್ ಹ್ಯಾರಿಂಗ್ಟನ್ ರಚಿಸಿದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶವು ಪ್ರತಿಯೊಂದು ಶಾಯಿಯ ಪ್ರಮಾಣವನ್ನೂ ಬಳಕೆದಾರನ ಹತೋಟಿಗೆ ಕೊಡುತ್ತದೆ.

ಆಯ್ಕೆಯ ಕ್ರಮ

ಮೊದಲು ಕಾಗದವನ್ನು ನಿರ್ಧರಿಸಿ, ಅದಕ್ಕೆ ಹೊಂದುವ ಶಾಯಿ ಮತ್ತು ಪ್ರಿಂಟರನ್ನು ಆರಿಸುವುದು ಸೂಕ್ತ. ಬಿಳಿಯಿಂದ ಕಪ್ಪಿನವರೆಗಿನ ಮೆಟ್ಟಿಲುಪಟ್ಟಿಯೊಂದನ್ನು ಮುದ್ರಿಸಿ, ಒಣಗಿದ ಬಳಿಕ, ಚಿತ್ರವನ್ನು ತೂಗುಹಾಕಲಿರುವ ಸ್ಥಳದ ಬೆಳಕಿನಲ್ಲಿಯೇ ಪರೀಕ್ಷಿಸಬೇಕು. ಪಿಗ್ಮೆಂಟ್ ಪ್ರಿಂಟರನ್ನು ದೀರ್ಘಕಾಲ ಬಳಸದಿದ್ದರೆ ಶಾಯಿಯು ಒಣಗಿ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆದುದರಿಂದ ವರ್ಷಕ್ಕೆ ಕೆಲವೇ ಚಿತ್ರಗಳನ್ನು ಮುದ್ರಿಸುವವರು ಇಂತಹ ಪ್ರಿಂಟರ್ ಇರುವ ಸ್ಟುಡಿಯೋದಲ್ಲಿ ಮುದ್ರಿಸಿಕೊಳ್ಳುವುದೇ ಮಿತವ್ಯಯಕರ.